ಯಾವ ಬಾಸ್ಕೆಟ್‌ಬಾಲ್ ಟೀಮ್ ನೋಡೋದು? ಬೆಳಗ್ಗೆ ಒಂದೇ ಗಂಟೆ ಬಿಡುವಿರೋ ಮಲೆನಾಡಿನೋರಿಗೆ

ಎನ್‌ಬಿಎ (ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗು) ನೋಡಕ್ಕೆ ಶುರು ಮಾಡ್ಬೇಕು, ಯಾವ ಟೀಮ್ ಹಿಡ್ಕೊಳ್ಳೋದು ಅಂತ ಶಿವಮೊಗ್ಗ, ಭದ್ರಾವತಿ, ಸಾಗರದ ಕಡೆ ಹುಡುಗ್ರು ಹುಡುಗೀರು ಕೇಳಿದಾಗ ಸಿಗೋ ಉತ್ತರ ಎರಡೇ. ಹೋದ ವರ್ಷ ಯಾರು ಗೆದ್ರೋ ಅವ್ರನ್ನ ನೋಡು, ಇಲ್ಲಾ ದೊಡ್ಡ ಹೆಸರಿನ ಪ್ಲೇಯರ್ ಎಲ್ಲಿದಾನೋ ಆ ಟೀಮ್ ನೋಡು. ಎರಡೂ ನಂಗೆ ಒಪ್ಗೆ ಇಲ್ಲ. ಗೆಲ್ಲೋ ಟೀಮು ಬೇರೆ, ನೋಡಕ್ಕೆ ಚೆಂದ ಇರೋ ಟೀಮು ಬೇರೆ, ಕೆಲವು ವರ್ಷ ಎರಡೂ ಒಂದೇ ಆಗಿರತ್ತೆ ಅಷ್ಟೆ. ಸೀಸನ್ನಿಗೆ ಒಂದೊಂದು ಟೀಮು 82 ಮ್ಯಾಚ್ ಆಡತ್ತೆ, ಅದ್ರಲ್ಲಿ ಮೈ ಜುಮ್ ಅನ್ನೋವು ಕೆಲವೇ ಕೆಲವು, ಉಳಿದಿದ್ದೆಲ್ಲ ಜನವರಿ ತಿಂಗಳ ಯಾವುದೋ ಒಂದು ಮ್ಯಾಚು, ಎದುರಿಗೆ ಪಟ್ಟಿ ಕೊನೆಲಿರೋ ಟೀಮು, ಎರಡನೇ ಕ್ವಾರ್ಟರು (ಮ್ಯಾಚಿನ ನಾಲ್ಕು ಭಾಗದಲ್ಲಿ ಒಂದು), ಸ್ಕೋರ್ 41-38. ಆ ಹೊತ್ತಲ್ಲೂ ಮೊಬೈಲ್ ಕೆಳಗಿಡಕ್ಕೆ ಮನಸ್ಸು ಬರ್ಬಾರ್ದು, ಅಂತ ಟೀಮು ಬೇಕು. ಅದು ಯಾವ್ದು, ಯಾಕೆ ಅಂತ ಒಂದೊಂದೇ ಟೀಮ್ ಪಕ್ಕಪಕ್ಕ ಇಟ್ಟು ನೋಡಣ.

ಮೊದಲು ಅಳತೆ ಎಂತದು ಅಂತ ಹೇಳ್ಬಿಡ್ತೀನಿ. ಹೊಸಬ್ರು ನೋಡೋದು ಚೆಂಡನ್ನ, ಅದು ಸಹಜ. ಆದ್ರೆ ಟೀಮ್ ಚೆನ್ನಾಗಿದೆಯಾ ಅಂತ ಗೊತ್ತಾಗ್ಬೇಕಂದ್ರೆ ಚೆಂಡು ಕೈಲಿಲ್ದಿರೋ ನಾಲ್ಕು ಜನರನ್ನ ನೋಡಿ. ಅವ್ರು ಓಡ್ತಿದಾರಾ, ಒಬ್ರಿಗೊಬ್ರು ಸ್ಕ್ರೀನ್ ಹಾಕ್ತಿದಾರಾ (ಜೊತೆಯೋನ ಬೆನ್ನು ಹತ್ತಿದ ಎದುರಾಳಿಗೆ ಅಡ್ಡ ನಿಲ್ಲೋದು), ಒಬ್ಬ ಬ್ಯಾಸ್ಕೆಟ್ ಕಡೆ ಕಟ್ ಮಾಡಿದ (ದಿಢೀರಂತ ಓಡಿದ) ತಕ್ಷಣ ಇನ್ನೊಬ್ಬ ಅವನ ಜಾಗಕ್ಕೆ ಬರ್ತಾನಾ? ಇಲ್ಲಾ ಮೂಲೆಲಿ ಸೊಂಟದ ಮೇಲೆ ಕೈ ಇಟ್ಕೊಂಡು ಸ್ಟಾರ್ ಏನ್ ಮಾಡ್ತಾನೆ ಅಂತ ನಮ್ ತರಾನೇ ನೋಡ್ತಾ ನಿಂತಿದಾರಾ? ಐದು ನಿಮಿಷ ನೋಡಿದ್ರೆ ಸಾಕು, ಗೊತ್ತಾಗೋಗತ್ತೆ. ಮುಂದಿನ ಶಾಟ್ ಯಾರು ಹೊಡೀತಾರೆ ಅಂತ ನಿಮಗೆ ಮೊದಲೇ ಹೇಳಕ್ಕೆ ಆಗ್ತಿದ್ರೆ ಆ ಟೀಮು ಎಷ್ಟೇ ಗೆಲ್ಲಲಿ, ಹತ್ತನೇ ಮ್ಯಾಚಿಗೆ ಬೇಜಾರು ಬರತ್ತೆ.

ಈ ಆಟದಲ್ಲಿ ನೋಡೋರಿಗೆ ಬೇಜಾರಾಗೋದು ಎಷ್ಟು ಗಂಭೀರ ವಿಷಯ ಅಂದ್ರೆ ರೂಲ್ಸೇ ಅದಕ್ಕೋಸ್ಕರ ಬದಲಾಗಿದೆ. 1950ರ ನವೆಂಬರ್ 22ಕ್ಕೆ ಫೋರ್ಟ್ ವೇನ್ ಪಿಸ್ಟನ್ಸ್ ಟೀಮು ಮಿನಿಯಾಪೊಲಿಸ್ ಲೇಕರ್ಸ್ ವಿರುದ್ಧ 19-18ರಲ್ಲಿ ಗೆದ್ದಿತ್ತು. ಪೂರ್ತಿ ಮ್ಯಾಚಿನ ಸ್ಕೋರ್ ಅದು! ಲೇಕರ್ಸ್‌ನಲ್ಲಿ ಜಾರ್ಜ್ ಮೈಕನ್ ಅಂತ ಎತ್ತರದ ಆಟಗಾರ ಇದ್ದ, ಅವನ ಕೈಗೆ ಚೆಂಡು ಸಿಗ್ಬಾರ್ದು ಅಂತ ಪಿಸ್ಟನ್ಸ್ ಚೆಂಡು ಹಿಡ್ಕೊಂಡು ಸುಮ್ನೆ ನಿಂತ್ರು. ದುಡ್ಡು ಕೊಟ್ಟು ಬಂದ ಜನ ಇಂತದನ್ನ ಎಷ್ಟು ದಿನ ನೋಡ್ತಾರೆ? ಸಿರಾಕ್ಯೂಸ್ ಟೀಮಿನ ಮಾಲೀಕ ಡ್ಯಾನಿ ಬಯಸೋನ್ ಕೂತು ಲೆಕ್ಕ ಹಾಕಿದ, ಒಳ್ಳೆ ಮ್ಯಾಚಲ್ಲಿ ಎರಡೂ ಟೀಮ್ ಸೇರಿ ಸುಮಾರು 120 ಶಾಟ್ ಹೊಡೀತಾರೆ, 48 ನಿಮಿಷ ಅಂದ್ರೆ 2880 ಸೆಕೆಂಡು, ಭಾಗಿಸಿದ್ರೆ 24. ಹಂಗೆ 1954-55ರ ಸೀಸನ್ನಿಂದ 24 ಸೆಕೆಂಡಿನ ಶಾಟ್ ಕ್ಲಾಕ್ ಬಂತು (ಅಷ್ಟರೊಳಗೆ ಶಾಟ್ ಹೊಡೀಲೇಬೇಕು), ಒಂದೇ ವರ್ಷದಲ್ಲಿ ಟೀಮಿನ ಸರಾಸರಿ ಸ್ಕೋರ್ 79ರ ಹತ್ತಿರದಿಂದ 93ಕ್ಕೆ ಏರ್ತು. ಆಮೇಲೆ 1979-80ರಲ್ಲಿ ತ್ರೀ ಪಾಯಿಂಟ್ ಗೆರೆ ಬಂತು, ಅದರ ಹೊರಗಿಂದ ಹಾಕಿದ್ರೆ ಎರಡರ ಬದ್ಲು ಮೂರು ಪಾಯಿಂಟು. ಅಂದ್ರೆ ಈಗ ಎಲ್ಲಾ ಟೀಮಿಗೂ ಇರೋದು ಅದೇ 24 ಸೆಕೆಂಡು, ಅದೇ ಗೆರೆ. ಆ 24 ಸೆಕೆಂಡನ್ನ ಹೆಂಗೆ ಖರ್ಚು ಮಾಡ್ತಾರೆ ಅನ್ನೋದ್ರಲ್ಲೇ ವ್ಯತ್ಯಾಸ ಇರೋದು.

ಎರಡು ಟೀಮು, ಎರಡೂ ತ್ರೀ ಹೊಡೆಯೋವೇ

ಈಗಿನ ಆಟ ಬರೀ ತ್ರೀ ಪಾಯಿಂಟರ್ ಆಗೋಗಿದೆ, ಅದಕ್ಕೇ ಬೋರು ಅಂತ ತುಂಬಾ ಜನ ಹೇಳ್ತಾರೆ. ನಾನು ಒಪ್ಪಲ್ಲ, ತ್ರೀ ಹೊಡೆಯೋದು ತೊಂದ್ರೆ ಅಲ್ಲ, ಆ ತ್ರೀ ಹೆಂಗೆ ಹುಟ್ತು ಅನ್ನೋದನ್ನ ನೋಡ್ಬೇಕು. ಇದಕ್ಕೆ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಮತ್ತೆ ಜೇಮ್ಸ್ ಹಾರ್ಡನ್ ಇದ್ದ ಕಾಲದ ಹ್ಯೂಸ್ಟನ್ ರಾಕೆಟ್ಸ್‌ಗಿಂತ ಒಳ್ಳೆ ಹೋಲಿಕೆ ಸಿಗಲ್ಲ.

ಸ್ಟೀವ್ ಕರ್ 2014ರಲ್ಲಿ ವಾರಿಯರ್ಸ್‌ಗೆ ಕೋಚ್ ಆಗಿ ಬಂದ. ಅದರ ಹಿಂದಿನ ಸೀಸನ್ನಲ್ಲಿ ಅದೇ ಸ್ಟೀಫನ್ ಕರಿ, ಅದೇ ಕ್ಲೇ ಥಾಂಪ್ಸನ್ ಇದ್ರೂ ಇಡೀ ಲೀಗಲ್ಲಿ ಅತಿ ಕಡಿಮೆ ಪಾಸ್ ಮಾಡೋ ಟೀಮು ಅದಾಗಿತ್ತು. ಕರ್ ಆಟಗಾರನಾಗಿ ಶಿಕಾಗೊದಲ್ಲಿ ಫಿಲ್ ಜಾಕ್ಸನ್ ಕೈಕೆಳಗೆ, ಸ್ಯಾನ್ ಆಂಟೋನಿಯೊದಲ್ಲಿ ಗ್ರೆಗ್ ಪೊಪೊವಿಚ್ ಕೈಕೆಳಗೆ ಆಡಿ ಐದು ಟೈಟಲ್ ನೋಡಿದ್ದೋನು, ಎರಡೂ ಕಡೆ ಕಲ್ತಿದ್ದನ್ನ ಸೇರಿಸಿ ಚೆಂಡು ನಿಲ್ಲಬಾರ್ದು ಅಂತ ಮಾಡ್ದ. ಮೊದಲ ವರ್ಷವೇ ಚಾಂಪಿಯನ್. ಮಾರನೇ ವರ್ಷ 73 ಗೆದ್ದು 9 ಸೋತ್ರು, ಕರಿ ಒಬ್ನೇ 402 ತ್ರೀ ಹಾಕ್ದ. ಆದ್ರೆ ಅಂಕಿ ಬಿಡಿ, ಕರಿ ಪಾಸ್ ಕೊಟ್ಟ ಮೇಲೆ ಏನ್ ಮಾಡ್ತಾನೆ ಅಂತ ನೋಡ್ಬೇಕು ನೀವು. ಬೇರೆಯೋರು ಪಾಸ್ ಕೊಟ್ಟು ನಿಲ್ತಾರೆ, ಇವ್ನು ಆಗ ಓಡಕ್ಕೆ ಶುರು ಮಾಡ್ತಾನೆ, ಒಂದು ಸ್ಕ್ರೀನ್ ಸುತ್ತಿ, ಇನ್ನೊಂದರ ಸಂದಿಲಿ ನುಗ್ಗಿ, ಅವನ ಹಿಂದೆ ಇಬ್ರು ಡಿಫೆಂಡರ್ ಗಾಬರಿಲಿ ಓಡ್ತಾರೆ, ಆ ಗಾಬರಿಲಿ ಬ್ಯಾಸ್ಕೆಟ್ ಕೆಳಗೆ ಯಾರೋ ಒಬ್ಬ ಒಂಟಿಯಾಗಿ ಉಳೀತಾನೆ, ಡ್ರೇಮಂಡ್ ಗ್ರೀನ್ ಅವನಿಗೆ ಚೆಂಡು ಕೊಡ್ತಾನೆ, ಲೇಅಪ್. ಪಾಸ್ ಕೊಟ್ಟ ಮೇಲೆ ಕರಿ ಚೆಂಡು ಮುಟ್ಟೇ ಇಲ್ಲ, ಆದ್ರೂ ಆ ಬ್ಯಾಸ್ಕೆಟ್ ಅವಂದೇ. ಕ್ಲೇ ಥಾಂಪ್ಸನ್ 2016ರ ಡಿಸೆಂಬರಲ್ಲಿ ಇಂಡಿಯಾನಾ ಮೇಲೆ 29 ನಿಮಿಷದಲ್ಲಿ 60 ಪಾಯಿಂಟ್ ಹೊಡೆದಾಗ ಇಡೀ ಮ್ಯಾಚಲ್ಲಿ ಅವನು ಮಾಡಿದ್ದು 11 ಡ್ರಿಬಲ್ ಅಷ್ಟೆ! ಉಳಿದಿದ್ದೆಲ್ಲ ಓಡಿ, ಹಿಡಿದು, ಹೊಡೆದಿದ್ದು.

ಈ ಕಡೆ ಹ್ಯೂಸ್ಟನ್. 2017-18ರಲ್ಲಿ 65 ಮ್ಯಾಚ್ ಗೆದ್ರು, ಹಾರ್ಡನ್ ಎಂವಿಪಿ (ಸೀಸನ್ನಿನ ಅತ್ಯುತ್ತಮ ಆಟಗಾರ), ಮಾರನೇ ಸೀಸನ್ನಲ್ಲಿ ಅವ್ನ ಸರಾಸರಿ 36 ಪಾಯಿಂಟ್ ದಾಟ್ತು. ಕೆಲಸ ಮಾಡೋ ಆಟವೇ ಅದು, ಯಾರೂ ಇಲ್ಲ ಅನ್ನಕ್ಕಾಗಲ್ಲ. ಹಾರ್ಡನ್ ತ್ರೀ ಗೆರೆ ಹತ್ತಿರ ನಿಂತು ಡ್ರಿಬಲ್ ಮಾಡ್ತಾನೆ, ಮಾಡ್ತಾನೆ, ಮಾಡ್ತಾನೆ, ಹಿಂದಕ್ಕೆ ಜಿಗಿದು ತ್ರೀ ಹೊಡೀತಾನೆ ಅಥವಾ ಎದುರಾಳಿ ಕೈಲಿ ಫೌಲ್ ಮಾಡಿಸಿ ಫ್ರೀ ಥ್ರೋ (ಯಾರೂ ಅಡ್ಡ ಬರದ ಶಾಟು) ತಗೋತಾನೆ, ನಾಲ್ಕು ಜನ ಗೆರೆ ಹೊರಗೆ ಕಾಯ್ತಿರ್ತಾರೆ. ಅವನ ಸ್ಟೆಪ್‌ಬ್ಯಾಕ್ ಒಂದು ಕಲೆ, ನಂಗೆ ಅದ್ರ ಮೇಲೆ ಗೌರವ ಇದೆ, ಹೈಲೈಟಲ್ಲಿ ಎರಡು ನಿಮಿಷ ನೋಡಕ್ಕೆ ಖುಷಿ. ಆದ್ರೆ 48 ನಿಮಿಷ ಅದೇ. 2018ರ ಮೇ 28ಕ್ಕೆ ಇದೇ ಎರಡು ಟೀಮು ಕಾನ್ಫರೆನ್ಸ್ ಫೈನಲಿನ (ಫೈನಲಿಗೆ ಹಿಂದಿನ ಸುತ್ತು, ಏಳರಲ್ಲಿ ನಾಲ್ಕು ಗೆದ್ದೋರು ಮುಂದೆ) ಏಳನೇ ಮ್ಯಾಚ್ ಆಡಿದಾಗ ಹ್ಯೂಸ್ಟನ್ನೋರು ಸತತ 27 ತ್ರೀ ಮಿಸ್ ಮಾಡಿದ್ರು, ಒಟ್ಟು 44ರಲ್ಲಿ ಬಿದ್ದಿದ್ದು 7, ಸೋತ್ರು. ಶಾಟ್ ಬೀಳ್ದೇ ಇದ್ದ ದಿನ ಆ ಟೀಮಲ್ಲಿ ನೋಡಕ್ಕೆ ಬೇರೆ ಏನೂ ಉಳೀಲಿಲ್ಲ. ವಾರಿಯರ್ಸ್ ಶಾಟ್ ಬೀಳದ ದಿನಾನೂ ಓಡಾಟ ಇರತ್ತೆ, ಕಟ್ ಇರತ್ತೆ, ತಪ್ಪು ಪಾಸ್ ಕೂಡ ಇರತ್ತೆ. ಟರ್ನೋವರ್ (ಶಾಟ್ ಹೊಡೆಯದೇ ಚೆಂಡು ಕಳ್ಕೊಳ್ಳೋದು) ಜಾಸ್ತಿ ಅಂತ ಅವ್ರನ್ನ ಬೈಯ್ಯೋರಿದಾರೆ, ಧೈರ್ಯ ಮಾಡಿ ಪಾಸ್ ಹಾಕೋ ಟೀಮಲ್ಲಿ ಅದು ಇದ್ದಿದ್ದೇ, ನೋಡೋನಿಗೆ ಅದ್ರಿಂದ ಏನೂ ನಷ್ಟ ಇಲ್ಲ.

ಇದೇ ಅಳತೆಲಿ ಬೋಸ್ಟನ್ ಸೆಲ್ಟಿಕ್ಸ್ ನಡುವೆ ಎಲ್ಲೋ ನಿಲ್ಲತ್ತೆ. 2024ರ ಚಾಂಪಿಯನ್ನು, ಐದೂ ಜನ ತ್ರೀ ಹೊಡೀತಾರೆ, ಬುದ್ಧಿವಂತ ಆಟ, ಬಿದ್ದ ದಿನ ಹಬ್ಬ, ಬೀಳದ ದಿನ ತುಂಬಾ ಉದ್ದ ಅನ್ಸತ್ತೆ.

ಡೆನ್ವರ್: ಓಡದೇ ಇರೋ ಆಟಗಾರನ ಮೇಲೆ ನಿಂತ ಟೀಮು

ನಂಗೆ ಒಂದೇ ಟೀಮ್ ಆರಿಸು ಅಂದ್ರೆ ಡೆನ್ವರ್ ನಗೆಟ್ಸ್ ಅಂತೀನಿ. ನಿಕೊಲಾ ಯೋಕಿಚ್ ಸರ್ಬಿಯಾದ ಸೋಂಬೋರ್ ಅನ್ನೋ ಊರಿನೋನು, 2014ರ ಡ್ರಾಫ್ಟಲ್ಲಿ (ಹೊಸ ಆಟಗಾರ್ರನ್ನ ಟೀಮುಗಳು ಸರದಿಲಿ ಆರಿಸೋದು) 41ನೇ ಆಯ್ಕೆ, ಅವನ ಹೆಸರು ಕೂಗೋ ಹೊತ್ತಿಗೆ ಟಿವಿಲಿ ಜಾಹೀರಾತು ಓಡ್ತಿತ್ತು. ಅಂತೋನು 2021, 2022, 2024 ಮೂರು ಸಲ ಎಂವಿಪಿ ಆದ, 2023ರಲ್ಲಿ ಮಯಾಮಿನ 4-1ರಲ್ಲಿ ಸೋಲಿಸಿ ಟೀಮಿಗೆ ಮೊದಲ ಟೈಟಲ್ ತಂದ. ಎತ್ತರಕ್ಕೆ ಹಾರಲ್ಲ, ಜೋರಾಗಿ ಓಡಲ್ಲ, ಮೊದಲ ಸಲ ನೋಡಿದೋರಿಗೆ ಇವನಲ್ಲಿ ಎಂತ ಇದೆ ಮಾರಾಯ್ರೆ ಅನ್ಸತ್ತೆ. ನಮ್ಮ ಕಡೆ ಯಕ್ಷಗಾನ ನೋಡಿದೋರಿಗೆ ಇದು ಬೇಗ ಅರ್ಥ ಆಗತ್ತೆ, ರಂಗಸ್ಥಳದಲ್ಲಿ ಕುಣಿಯೋದು ವೇಷಧಾರಿ, ಆದ್ರೆ ಎಲ್ಲಿ ನಿಧಾನ ಎಲ್ಲಿ ಜೋರು, ಯಾವಾಗ ಎತ್ತಬೇಕು ಯಾವಾಗ ಬಿಡಬೇಕು ಅನ್ನೋದೆಲ್ಲ ಹಿಂದೆ ಕೂತ ಭಾಗವತರ ಕೈಲಿ. ಯೋಕಿಚ್ ಇರೋದು ಆ ಜಾಗದಲ್ಲಿ. ಫ್ರೀ ಥ್ರೋ ಗೆರೆ ಹತ್ತಿರ ಬೆನ್ನು ಕೊಟ್ಟು ಚೆಂಡು ತಲೆ ಮೇಲೆ ಹಿಡ್ಕೊಂಡು ನಿಲ್ತಾನೆ, ಸುತ್ತ ನಾಲ್ಕು ಜನ ಓಡ್ತಿರ್ತಾರೆ, ಡಿಫೆನ್ಸಿನೋನು ಯಾರೋ ಒಬ್ಬ ಅರ್ಧ ಹೆಜ್ಜೆ ತಪ್ಪಿಟ್ಟ ಕ್ಷಣ ಚೆಂಡು ಅಲ್ಲಿಗೆ ಹೋಗಿರತ್ತೆ, ಕೆಲವು ಸಲ ನೋಡದೇನೇ ಕೊಟ್ಟಿರ್ತಾನೆ.

ಜಮಾಲ್ ಮರ್ರೆ ಜೊತೆ ಅವನು ಆಡೋ ಇಬ್ಬರ ಆಟ ಇದೆಯಲ್ಲ, ಅದನ್ನೊಂದನ್ನೇ ಸೀಸನ್ ಪೂರ್ತಿ ನೋಡ್ಬೋದು. ಶುರು ಯಾವಾಗ್ಲೂ ಒಂದೇ ತರ, ಯೋಕಿಚ್ ಸ್ಕ್ರೀನ್ ಹಾಕ್ತಾನೆ, ಮರ್ರೆ ಸುತ್ತಿ ಬರ್ತಾನೆ. ಮುಗಿಯೋದು ಮಾತ್ರ ಒಂದೊಂದು ಸಲ ಒಂದೊಂದು ತರ. ಮರ್ರೆ ಶಾಟ್ ಹೊಡಿಬೋದು, ವಾಪಸ್ ಯೋಕಿಚ್‌ಗೆ ಬಂದು ಅವನು ಒಂದೇ ಕೈಲಿ ತೇಲಿಸಿ ಹಾಕ್ಬೋದು, ಆರನ್ ಗೋರ್ಡನ್ ಹಿಂದಿನಿಂದ ಬಂದು ಗಾಳಿಲೇ ಹಿಡಿದು ಡಂಕ್ ಮಾಡ್ಬೋದು, ಮೂಲೆಗೆ ಹೋಗಿ ತ್ರೀ ಆಗ್ಬೋದು. ಡಿಫೆನ್ಸಿಗೆ ಎಲ್ಲಾ ಗೊತ್ತಿದ್ದೂ ತಡೆಯಕ್ಕಾಗಲ್ಲ. 2024-25ರಲ್ಲಿ ಯೋಕಿಚ್ ಸೀಸನ್ ಪೂರ್ತಿ ಸರಾಸರಿ ತೆಗೆದ್ರೂ ಪಾಯಿಂಟು, ರಿಬೌಂಡು (ಮಿಸ್ಸಾದ ಶಾಟಿನ ಚೆಂಡು ಹಿಡಿಯೋದು), ಅಸಿಸ್ಟು (ಬ್ಯಾಸ್ಕೆಟ್ ಆಗೋ ಪಾಸು) ಮೂರೂ ಎರಡಂಕಿ, ಸೆಂಟರ್ ಜಾಗದಲ್ಲಿ ಆಡೋನು ಹಂಗೆ ಮಾಡಿದ್ದು ಇವನೇ ಮೊದಲು.

ಕೊರತೆ ಇಲ್ವಾ ಅಂದ್ರೆ ಇದೆ. ಯೋಕಿಚ್ ಬೆಂಚಿಗೆ ಹೋದ ಎಂಟ್ಹತ್ತು ನಿಮಿಷ ಟೀಮ್ ಪೂರ್ತಿ ಬೇರೆ, ಆಗ ಎದ್ದು ಸ್ನಾನಕ್ಕೆ ಹೋಗ್ಬೋದು. ಡಿಫೆನ್ಸಲ್ಲಿ ಥ್ರಿಲ್ ಹುಡುಕೋರಿಗೂ ಈ ಟೀಮ್ ಅಲ್ಲ.

ಇಂಡಿಯಾನಾ: ಬರೀ ಓಟ

ನಿಧಾನ ನೋಡಕ್ಕೆ ತಾಳ್ಮೆ ಇಲ್ಲ ಅನ್ನೋರಿಗೆ ಪೇಸರ್ಸ್. ಎದುರಿನೋರು ಬ್ಯಾಸ್ಕೆಟ್ ಹಾಕಿದ ಮೇಲೆ ಮಾಮೂಲಿ ಟೀಮು ನಿಧಾನಕ್ಕೆ ಚೆಂಡು ತರತ್ತೆ, ಇವ್ರು ಬ್ಯಾಸ್ಕೆಟ್ ತಿಂದ ತಕ್ಷಣವೇ ಚೆಂಡು ಎತ್ಕೊಂಡು ಓಡ್ತಾರೆ, ಟೈರೀಸ್ ಹ್ಯಾಲಿಬರ್ಟನ್ ಡ್ರಿಬಲ್ ಮಾಡ್ಕೊಂಡು ಹೋಗೋ ಬದ್ಲು ಮುಂದೆ ಓಡ್ತಿರೋನಿಗೆ ಎಸೀತಾನೆ, ಎದುರಿನೋರು ಯಾರು ಯಾರನ್ನ ಹಿಡಿಬೇಕು ಅಂತ ಬೆರಳು ತೋರಿಸ್ಕೊಳ್ಳೋದ್ರೊಳಗೆ ಶಾಟ್ ಆಗಿರತ್ತೆ. ಕೋಚ್ ರಿಕ್ ಕಾರ್ಲೈಲ್ ಹತ್ತು ಹತ್ತು ಜನರನ್ನ ಆಡಿಸ್ತಾನೆ, ಎಲ್ರೂ ಓಡ್ಬೇಕು, ಸುಸ್ತಾದ್ರೆ ಹೊರಗೆ.

2025ರ ಪ್ಲೇಆಫಲ್ಲಿ (ಸೀಸನ್ ಕೊನೆಯ ನಾಕೌಟ್ ಸುತ್ತುಗಳು) ಇವ್ರು ಮಾಡಿದ್ದು ನೋಡಿದೋರಿಗೆ ಇನ್ನೂ ಮರ್ತಿಲ್ಲ. ನ್ಯೂಯಾರ್ಕ್ ಮೇಲೆ ಮೊದಲ ಮ್ಯಾಚಲ್ಲಿ ಮೂರು ನಿಮಿಷಕ್ಕಿಂತ ಕಡಿಮೆ ಉಳಿದಾಗ 14 ಪಾಯಿಂಟ್ ಹಿಂದಿದ್ರು, ಆರನ್ ನೆಸ್ಮಿತ್ ಆ ಕ್ವಾರ್ಟರಲ್ಲೇ ಆರು ತ್ರೀ ಹಾಕ್ದ, ಕೊನೇ ಕ್ಷಣದಲ್ಲಿ ಹ್ಯಾಲಿಬರ್ಟನ್ ಹೊಡೆದ ಶಾಟು ರಿಮ್ಮಿಗೆ ತಾಗಿ ಎಷ್ಟೋ ಎತ್ತರಕ್ಕೆ ಹಾರಿ ಮತ್ತೆ ಒಳಗೇ ಬಿತ್ತು, ಓವರ್‌ಟೈಮಲ್ಲಿ 138-135. ಫೈನಲಿನ ಮೊದಲ ಮ್ಯಾಚಲ್ಲಿ ಒಕ್ಲಹೋಮಾ ಸಿಟಿ ಎದುರು ಮೊದಲರ್ಧದಲ್ಲೇ 19 ಟರ್ನೋವರ್ ಮಾಡ್ಕೊಂಡು, ಪೂರ್ತಿ ಮ್ಯಾಚ್ ಹಿಂದೆನೇ ಇದ್ದು, 0.3 ಸೆಕೆಂಡ್ ಉಳಿದಾಗ ಹ್ಯಾಲಿಬರ್ಟನ್ ಹಾಕಿದ ಬ್ಯಾಸ್ಕೆಟಿಂದ 111-110. ಆ ಮ್ಯಾಚಲ್ಲಿ ಅವ್ರು ಮುಂದಿದ್ದೇ ಆ 0.3 ಸೆಕೆಂಡು! ಏಳನೇ ಮ್ಯಾಚಲ್ಲಿ ಅವನ ಹಿಮ್ಮಡಿ ಮೇಲಿನ ಅಕಿಲಿಸ್ ಸ್ನಾಯುರಜ್ಜು ಹರಿದು, ಟೀಮ್ ಸೋತು, ಮುಂದಿನ ಸೀಸನ್ ಪೂರ್ತಿ ಅವನು ಆಡಲ್ಲ ಅಂತ ಆದಾಗ ಹೊಟ್ಟೆ ಉರೀತು, ಈಗ್ಲೂ ಆ ಕ್ವಾರ್ಟರ್ ಮತ್ತೆ ನೋಡಕ್ಕೆ ನನ್ನ ಕೈಲಾಗಲ್ಲ.

ಅಂದಹಾಗೆ ಇಂಡಿಯಾಕ್ಕೆ ಬಂದು ಆಡಿದ ಮೊದಲ ಎನ್‌ಬಿಎ ಟೀಮುಗಳಲ್ಲಿ ಒಂದು ಇದೇ ಪೇಸರ್ಸ್, ಇನ್ನೊಂದು ಸ್ಯಾಕ್ರಮೆಂಟೊ ಕಿಂಗ್ಸ್, 2019ರ ಅಕ್ಟೋಬರಲ್ಲಿ ಮುಂಬೈಲಿ ಎರಡು ಪ್ರಿಸೀಸನ್ ಮ್ಯಾಚು. ಮೊದಲನೇದು ಓವರ್‌ಟೈಮಿಗೆ ಹೋಗಿ 132-131.

ಡೆನ್ವರ್ರಾ ಇಂಡಿಯಾನಾನಾ ಅಂದ್ರೆ, ಆಟದ ಬಗ್ಗೆ ಏನೂ ಗೊತ್ತಿಲ್ದೇ ಕೂತೋರಿಗೆ ಇಂಡಿಯಾನಾ ತಕ್ಷಣ ಹಿಡಿಸತ್ತೆ. ಡೆನ್ವರ್ ಹಿಡಿಸಕ್ಕೆ ಒಂದಷ್ಟು ಮ್ಯಾಚ್ ಬೇಕು, ಆದ್ರೆ ಹಿಡಿಸಿದ ಮೇಲೆ ಬಿಡಲ್ಲ.

ತುಂಬಾ ಚೆನ್ನಾಗಿ ಆಡೋದೂ ಒಂದು ತೊಂದ್ರೆ

ಒಕ್ಲಹೋಮಾ ಸಿಟಿ ಥಂಡರ್ 2025ರ ಚಾಂಪಿಯನ್. 68 ಗೆದ್ದು 14 ಸೋತ್ರು, ಶೇ ಗಿಲ್ಜಸ್-ಅಲೆಕ್ಸಾಂಡರ್ ಎಂವಿಪಿ. ಈ ಟೀಮಿನ ನಿಜವಾದ ಚೆಂದ ಇರೋದು ಡಿಫೆನ್ಸಲ್ಲಿ, ಲು ಡೋರ್ಟ್, ಅಲೆಕ್ಸ್ ಕರೂಸೊ, ಕೇಸನ್ ವಾಲೆಸ್ ಮೂರು ಜನ ಒಟ್ಟಿಗೆ ಕೋರ್ಟಲ್ಲಿದ್ದಾಗ ಎದುರಿನೋನಿಗೆ ಚೆಂಡು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸೋದೇ ಕಷ್ಟ, ಎಲ್ಲಿಂದಲೋ ಒಂದು ಕೈ ಬರತ್ತೆ, ಚೆಂಡು ಹೋಗತ್ತೆ, ಆ ಕಡೆ ಡಂಕ್. ಕಬಡ್ಡಿಲಿ ರೇಡಿಗಿಂತ ಟ್ಯಾಕಲ್ ನೋಡಕ್ಕೆ ಖುಷಿ ಪಡೋರು ಮಲೆನಾಡಲ್ಲಿ ಕಮ್ಮಿ ಇಲ್ಲ, ಅವ್ರು ಈ ಟೀಮ್ ಹಿಡ್ಕೊಳ್ಳಿ.

ಆದ್ರೆ ಆ ಸೀಸನ್ನಲ್ಲಿ ಅವ್ರು ಮ್ಯಾಚಿಗೆ ಸರಾಸರಿ ಸುಮಾರು 13 ಪಾಯಿಂಟಿಂದ ಗೆದ್ರು, ಲೀಗಿನ ಇತಿಹಾಸದಲ್ಲೇ ದೊಡ್ಡ ಅಂತರ. ಅಂದ್ರೆ ಎಷ್ಟೋ ಮ್ಯಾಚು ಮೂರನೇ ಕ್ವಾರ್ಟರಿಗೇ ಮುಗಿದಿರತ್ತೆ, ನಾಲ್ಕನೇದ್ರಲ್ಲಿ ಆಡೋದು ಬೆಂಚಿನ ಹುಡುಗ್ರು. ಬೆಳಗ್ಗೆ ಅಲಾರಾಂ ಇಟ್ಕೊಂಡು ಎದ್ದೋನಿಗೆ ಇದು ಮುಖ್ಯ ವಿಷಯ. ಕೆವಿನ್ ಡ್ಯುರಾಂಟ್ 2016ರಲ್ಲಿ ವಾರಿಯರ್ಸ್ ಸೇರಿದ ಮೇಲೂ ಇದೇ ಆಗಿತ್ತು, 2017ರ ಪ್ಲೇಆಫಲ್ಲಿ 16 ಗೆದ್ದು ಒಂದೇ ಒಂದು ಸೋತ್ರು, ಅಷ್ಟು ಸೊಗಸಾದ ಬಾಸ್ಕೆಟ್‌ಬಾಲ್ ಸಿಗೋದು ಅಪರೂಪ, ಆದ್ರೆ ಯಾರು ಗೆಲ್ತಾರೆ ಅನ್ನೋ ಕುತೂಹಲ ಶುರುವಲ್ಲೇ ಸತ್ತೋಗಿತ್ತು. ಚಾಂಪಿಯನ್ನನ್ನೇ ಹಿಡ್ಕೋ ಅನ್ನೋ ಸಲಹೆ ನಾನು ಒಪ್ಪದೇ ಇರೋದಕ್ಕೆ ದೊಡ್ಡ ಕಾರಣ ಇದೇ.

ಇನ್ನೊಂದು, ಶೇ ತುಂಬಾ ಚೆನ್ನಾಗಿ ಫೌಲ್ ತಗೋತಾನೆ. ಅದು ಅವನ ಕಲೆ, ರೂಲ್ಸ್ ಒಳಗೇ ಇದೆ. ಆದ್ರೆ ಫ್ರೀ ಥ್ರೋ ಅಂದ್ರೆ ಆಟ ನಿಂತು ಹತ್ತು ಜನ ಸುಮ್ನೆ ನಿಲ್ಲೋದು, ಅದು ಜಾಸ್ತಿ ಆದಷ್ಟು ನೋಡೋನ ಲಯ ಕೆಡತ್ತೆ. 48 ನಿಮಿಷದ ಆಟ ಮುಗಿಯಕ್ಕೆ ಎರಡೂಕಾಲು ಗಂಟೆ ಮೇಲೆ ಹಿಡಿಯೋದು ಈ ಫೌಲು, ಟೈಮ್‌ಔಟು, ರಿವ್ಯೂಗಳಿಂದಾನೇ. ಯಾವ ಟೀಮ್ ನೋಡಿದ್ರೂ ಕೊನೇ ಎರಡು ನಿಮಿಷ ಇಪ್ಪತ್ತು ನಿಮಿಷ ಆಗತ್ತೆ, ಅದಕ್ಕೆ ಸಿದ್ಧ ಇರಿ.

ಸ್ಪರ್ಸ್, ಹಳೇದೂ ಹೊಸದೂ

ಹಳೇ ಮ್ಯಾಚ್ ನೋಡೋ ಅಭ್ಯಾಸ ಇದ್ರೆ 2014ರ ಸ್ಯಾನ್ ಆಂಟೋನಿಯೊ ಸ್ಪರ್ಸ್‌ನ ಒಂದು ಸಲ ನೋಡ್ಲೇಬೇಕು. 2013ರ ಫೈನಲಲ್ಲಿ ಗೆದ್ದೇಬಿಟ್ವಿ ಅನ್ನೋ ಹೊತ್ತಿಗೆ ಮಯಾಮಿಯ ರೇ ಅಲೆನ್ 5.2 ಸೆಕೆಂಡ್ ಉಳಿದಾಗ ಮೂಲೆಯಿಂದ ತ್ರೀ ಹಾಕಿ ಅವ್ರ ಕೈಯಿಂದ ಕಿತ್ಕೊಂಡಿದ್ದ. ಮಾರನೇ ವರ್ಷ ಅದೇ ಮಯಾಮಿ ಎದುರು ಬಂದಾಗ ಟಿಮ್ ಡಂಕನ್, ಟೋನಿ ಪಾರ್ಕರ್, ಮಾನು ಜಿನೋಬಿಲಿ, ಬೋರಿಸ್ ಡಿಯಾವ್, ಆಗಿನ್ನೂ ಹುಡುಗನಾಗಿದ್ದ ಕವಾಯ್ ಲೆನರ್ಡ್ ಇವ್ರೆಲ್ಲ ಸೇರಿ ಆಡಿದ ಆಟದಲ್ಲಿ ಚೆಂಡು ಯಾರ ಕೈಲೂ ಒಂದು ಸೆಕೆಂಡ್ ನಿಲ್ತಿರ್ಲಿಲ್ಲ. ಒಳ್ಳೆ ಶಾಟ್ ಸಿಕ್ಕಿರತ್ತೆ, ಅದನ್ನ ಬಿಟ್ಟು ಅದಕ್ಕಿಂತ ಒಳ್ಳೆ ಜಾಗದಲ್ಲಿರೋನಿಗೆ ಪಾಸ್, ಅವನು ಇನ್ನೊಬ್ಬನಿಗೆ. ಐದು ಮ್ಯಾಚಲ್ಲಿ ಮುಗಿಸಿದ್ರು, ಒಟ್ಟು 70 ಪಾಯಿಂಟ್ ಅಂತರ. ಮಯಾಮಿ ಡಿಫೆನ್ಸ್ ಆಗ ಕೆಟ್ಟದೇನೂ ಅಲ್ಲ, ಮನುಷ್ಯರು ಚೆಂಡಿನಷ್ಟು ವೇಗವಾಗಿ ಓಡಕ್ಕಾಗಲ್ಲ ಅಷ್ಟೆ.

ಈಗಿನ ಸ್ಪರ್ಸ್ ನೋಡೋ ಕಾರಣ ಪೂರ್ತಿ ಬೇರೆ, ವಿಕ್ಟರ್ ವೆಂಬನ್ಯಾಮಾ. ಏಳಡಿ ಮೇಲೆ ಮೂರ್ನಾಲ್ಕು ಇಂಚು ಎತ್ತರದ ಫ್ರೆಂಚ್ ಹುಡುಗ, 2023ರ ಮೊದಲ ಆಯ್ಕೆ, ಮೊದಲ ಸೀಸನ್ನಲ್ಲೇ ಲೀಗಿನಲ್ಲಿ ಎಲ್ರಿಗಿಂತ ಜಾಸ್ತಿ ಬ್ಲಾಕ್. ಅವನು ತ್ರೀ ಹೊಡೀತಾನೆ, ಡ್ರಿಬಲ್ ಮಾಡ್ತಾನೆ, ಅವನಿದಾನೆ ಅಂತಲೇ ಎದುರಿನೋರು ಒಳಗೆ ನುಗ್ಗಿ ಬಂದು ಹೆದರಿ ವಾಪಸ್ ಹೋಗ್ತಾರೆ, ಆ ವಾಪಸ್ ಹೋಗೋದನ್ನ ನೋಡೋದೇ ಒಂದು ಮಜ. ಮಕ್ಕಳ ಜೊತೆ ಕೂತು ನೋಡೋದಾದ್ರೆ ಇದಕ್ಕಿಂತ ಒಳ್ಳೆ ಆಯ್ಕೆ ಇಲ್ಲ, ಅವ್ರು ಕಣ್ಣು ಪಿಳುಕಿಸಲ್ಲ.

ಲೇಕರ್ಸ್ ಬಗ್ಗೆ ಕೇಳ್ತಾರೆ ಎಲ್ರೂ. 2025ರ ಫೆಬ್ರವರಿಲಿ ಲೂಕಾ ಡಾನ್ಚಿಚ್ ಅಲ್ಲಿಗೆ ಬಂದ, ಲೆಬ್ರಾನ್ ಜೇಮ್ಸ್ ಜೊತೆ ಆಡ್ದ, ಹೆಸರಿಗೆ ಕೊರತೆ ಇಲ್ಲ. ಲೂಕಾನ ಪಾಸ್ ಅದ್ಭುತ, ಆದ್ರೆ ಚೆಂಡು ಅವನ ಕೈಲೇ ಜಾಸ್ತಿ ಹೊತ್ತು ಇರತ್ತೆ, ನಾನು ಮೊದಲು ಹೇಳಿದ ಆ ನಾಲ್ಕು ಜನರ ಪರೀಕ್ಷೆಲಿ ಈ ಟೀಮು ಪಾಸಾಗಲ್ಲ. ಸ್ಟಾರ್ ಟೀಮಿಗೆ ಇನ್ನೊಂದು ಅಪಾಯ, ಅವನಿಗೆ ರೆಸ್ಟ್ ಕೊಟ್ಟ ದಿನ ನೋಡಕ್ಕೆ ಏನೂ ಇರಲ್ಲ. ದೊಡ್ಡ ಆಟಗಾರ್ರು ಮ್ಯಾಚ್ ಬಿಡೋದು ಎಷ್ಟು ಜಾಸ್ತಿ ಆಯ್ತು ಅಂದ್ರೆ 2023-24ರಿಂದ ಎಂವಿಪಿ ತರದ ದೊಡ್ಡ ಪ್ರಶಸ್ತಿಗೆ ಕನಿಷ್ಠ 65 ಮ್ಯಾಚ್ ಆಡಿರ್ಬೇಕು ಅಂತ ಲೀಗೇ ನಿಯಮ ತಂತು.

ನಮ್ಮೂರ ಗಡಿಯಾರಕ್ಕೆ ಯಾವ್ದು ಹೊಂದತ್ತೆ

ಆಟ ಎಷ್ಟೇ ಚೆಂದ ಇರ್ಲಿ, ಅದು ನಡೆಯೋ ಹೊತ್ತಿಗೆ ನಾವು ಎದ್ದಿರ್ಬೇಕಲ್ಲ. ಇದನ್ನ ಯಾರೂ ಹೇಳಲ್ಲ, ಆದ್ರೆ ಟೀಮ್ ಆರಿಸೋವಾಗ ಇದು ಅರ್ಧ ಲೆಕ್ಕ. ನವೆಂಬರಿಂದ ಮಾರ್ಚ್ ಶುರುವರೆಗೆ ಅಲ್ಲಿನ ಸಂಜೆ ಏಳರ ಮ್ಯಾಚು ನಮಗೆ ಹಿಂಗೆ ಬೀಳತ್ತೆ: ಇಂಡಿಯಾನಾ, ಬೋಸ್ಟನ್, ನ್ಯೂಯಾರ್ಕ್ ಊರಲ್ಲಾದ್ರೆ ಬೆಳಗ್ಗೆ ಐದೂವರೆ, ಒಕ್ಲಹೋಮಾ, ಸ್ಯಾನ್ ಆಂಟೋನಿಯೊ ಆದ್ರೆ ಆರೂವರೆ, ಡೆನ್ವರ್ ಆದ್ರೆ ಏಳೂವರೆ, ವಾರಿಯರ್ಸ್, ಲೇಕರ್ಸ್ ಆದ್ರೆ ಎಂಟೂವರೆ. ಮಾರ್ಚ್ ಮಧ್ಯದಿಂದ ಎಲ್ಲ ಒಂದು ಗಂಟೆ ಮೊದಲೇ ಬರತ್ತೆ. ಅಂದ್ರೆ ಎಂಟೂವರೆಗೆ ಕಾಲೇಜಿಗೆ ಬಸ್ ಹಿಡಿಯೋರಿಗೆ ವಾರಿಯರ್ಸ್ ಲೈವ್ ಆಗದ ಮಾತು, ಹತ್ತು ಗಂಟೆಗೆ ಅಂಗಡಿ ಬಾಗಿಲು ತೆಗೆಯೋರಿಗೆ ಡೆನ್ವರ್ ಹೇಳಿ ಮಾಡ್ಸಿದ್ದು, ಐದಕ್ಕೇ ಎದ್ದು ಕೊಟ್ಟಿಗೆ ಕೆಲಸ ನೋಡೋರಿಗೆ ಇಂಡಿಯಾನಾ. ಅವ್ರ ಶನಿವಾರ ರಾತ್ರಿ ಅಂದ್ರೆ ನಮ್ಮ ಭಾನುವಾರ ಬೆಳಗ್ಗೆ, ಆ ದಿನದ ಪಟ್ಟಿ ಮೊದಲೇ ನೋಡಿಟ್ಕೊಳ್ಳಿ. ಕ್ರಿಸ್‌ಮಸ್ ದಿನ ಐದು ಮ್ಯಾಚ್ ಇರತ್ತೆ, ಮೊದಲನೇದು ನಮಗೆ ರಾತ್ರಿ ಹತ್ತೂವರೆ ಸುಮಾರಿಗೆ, ವರ್ಷದಲ್ಲಿ ಮನೆಯೋರೆಲ್ಲ ಎದ್ದಿರೋ ಹೊತ್ತಿಗೆ ಲೈವ್ ಸಿಗೋದು ಅಪರೂಪ.

ಲೈವೇ ಬೇಕು ಅಂತ ಏನಿಲ್ಲ. ಲೀಗ್ ಪಾಸಲ್ಲಿ (ದುಡ್ಡು ಕೊಟ್ಟು ಮ್ಯಾಚ್ ನೋಡೋ ಲೀಗಿನ ಆನ್‌ಲೈನ್ ಸೇವೆ) ಸ್ಕೋರ್ ಮುಚ್ಚಿಡೋ ಆಯ್ಕೆ ಇದೆ, ರೀಪ್ಲೇ ಇದೆ, ಹತ್ತು ನಿಮಿಷದ ಹತ್ತಿರದ ಕಂಡೆನ್ಸ್ಡ್ (ಕತ್ತರಿಸಿ ಚಿಕ್ಕದು ಮಾಡಿದ) ಮ್ಯಾಚೂ ಇದೆ. ಅಡಿಕೆ ಕೊಯ್ಲಿನ ಟೈಮಲ್ಲಿ ರಾತ್ರಿ ಸುಲಿಯೋಕೆ ಕೂತಾಗ ಎದುರಿಗೆ ಮೊಬೈಲ್ ನಿಲ್ಸಿ ರೀಪ್ಲೇ ಹಾಕ್ಕೊಂಡ್ರೆ ಎರಡೂ ಕೆಲಸ ಆಗತ್ತೆ. ಇಲ್ಲೊಂದು ವಿಷಯ, ಕಂಡೆನ್ಸ್ಡಲ್ಲಿ ಹ್ಯೂಸ್ಟನ್ ತರದ ಟೀಮೂ ಚೆನ್ನಾಗಿ ಕಾಣತ್ತೆ, ಯಾಕಂದ್ರೆ ಡ್ರಿಬಲ್ ಎಲ್ಲ ಕತ್ತರಿಸಿರ್ತಾರೆ. ಟೀಮ್ ಆರಿಸೋದು ಮಾತ್ರ ಪೂರ್ತಿ ಮ್ಯಾಚ್ ನೋಡಿನೇ ಆಗ್ಬೇಕು. ಜೂನಲ್ಲಿ ಫೈನಲ್ ನಮಗೆ ಬೆಳಗ್ಗೆ ಐದೂವರೆ, ಆರರ ಸುಮಾರಿಗೆ ಬರತ್ತೆ, ಅಷ್ಟೊತ್ತಿಗೆ ನಮ್ಮ ಕಡೆ ಮಳೆ ಹಿಡಿದಿರತ್ತೆ, ತೀರ್ಥಹಳ್ಳಿ, ಹೊಸನಗರದ ಕಡೆಯೋರು ಕರೆಂಟು, ನೆಟ್‌ವರ್ಕು ಎರಡನ್ನೂ ನಂಬೋ ಹಂಗಿಲ್ಲ, ರಾತ್ರಿನೇ ಫೋನು, ಪವರ್ ಬ್ಯಾಂಕು ಎರಡೂ ಚಾರ್ಜ್ ಮಾಡಿಡಿ.

ಪುರುಷರ ಎನ್‌ಬಿಎ ಒಂದೇ ಅಲ್ಲ. ಡಬ್ಲ್ಯುಎನ್‌ಬಿಎ (ಹೆಂಗಸರ ಲೀಗು) ನಮ್ಮ ಮಳೆಗಾಲದ ತಿಂಗಳುಗಳಲ್ಲಿ ನಡೆಯತ್ತೆ, 40 ನಿಮಿಷದ ಆಟ, ಬೇಗ ಮುಗಿಯತ್ತೆ, ಇಂಡಿಯಾನಾ ಫೀವರಲ್ಲಿ ಕೇಟ್ಲಿನ್ ಕ್ಲಾರ್ಕ್ ಗೆರೆಯಿಂದ ಎಷ್ಟೋ ಹಿಂದೆ ನಿಂತು ಹೊಡೆಯೋ ತ್ರೀ, ಓಡೋರ ಕೈಗೆ ಅರ್ಧ ಕೋರ್ಟಿಂದ ಇಡೋ ಪಾಸ್ ನೋಡ್ಬೇಕು. ಯುರೋಲೀಗ್ ಕೂಡ 40 ನಿಮಿಷ, ಜನ ಮ್ಯಾಚ್ ಪೂರ್ತಿ ಹಾಡ್ತಾನೇ ಇರ್ತಾರೆ, ಆದ್ರೆ ನಮಗೆ ನಡುರಾತ್ರಿ.

ಊರಲ್ಲಿ ವಾಲಿಬಾಲ್ ಆಡಿ ಬೆಳೆದೋರು, ಸೆಟ್ಟರ್ ಆಗಿದ್ದೋರು, ಡೆನ್ವರ್ ಹಿಡ್ಕೊಳ್ಳಿ, ಯೋಕಿಚ್ ಯಾಕೆ ಹಂಗೆ ಮಾಡ್ದ ಅಂತ ನಿಮಗೆ ಬೇರೆಯೋರಿಗಿಂತ ಬೇಗ ಗೊತ್ತಾಗತ್ತೆ. ಪರೀಕ್ಷೆಗೆ ಓದ್ತಾ ಮಧ್ಯ ಅರ್ಧ ಗಂಟೆ ಬಿಡುವು ಮಾಡ್ಕೊಳ್ಳೋರಿಗೆ ಇಂಡಿಯಾನಾದ ಒಂದು ಕ್ವಾರ್ಟರ್ ಸಾಕು. ವಾರಿಯರ್ಸ್ ನೋಡ್ಬೇಕು ಅನ್ನೋರು ಇನ್ನು ತಡ ಮಾಡ್ಬೇಡಿ, ಕರಿ 1988ರಲ್ಲಿ ಹುಟ್ಟಿದೋನು, 2025ರ ಮಾರ್ಚಲ್ಲಿ 4000ನೇ ತ್ರೀ ಹಾಕ್ದ, ಅವನು ಆಡ್ತಿರೋವಾಗ್ಲೇ ನೋಡಿ. ಇದ್ಯಾವುದೂ ತೀರ್ಮಾನ ಆಗ್ತಿಲ್ಲ ಅನ್ನೋರು 2014ರ ಫೈನಲಿನ ಮೂರನೇ ಮ್ಯಾಚ್ ಹುಡುಕಿ ಮೊದಲರ್ಧ ಮಾತ್ರ ನೋಡಿ, ಸ್ಪರ್ಸ್ ಆವತ್ತು ಹೊಡೆದ ಶಾಟುಗಳಲ್ಲಿ ನೂರಕ್ಕೆ 75.8 ಒಳಗೆ ಬಿತ್ತು, ಅರ್ಧಕ್ಕೇ 71 ಪಾಯಿಂಟು, ಆಮೇಲೆ ಈಗಿನ ಟೀಮುಗಳ ಒಂದೊಂದು ಮ್ಯಾಚ್ ಹಾಕಿ ಯಾವ್ದು ಅದಕ್ಕೆ ಹತ್ತಿರ ಇದೆ ಅಂತ ನೀವೇ ನೋಡ್ಕೊಳ್ಳಿ.